ಒಂದು ‘ರನ್’, 645 ಅರ್ಥ

ಪತ್ರ: ಮಗಳ ಶಾಲೆಯ ಕ್ವಿಜ್‌ನಲ್ಲಿ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು ಅಂತ ಕೇಳಿದರಂತೆ. ಅವಳು ‘ರನ್’ ಅಂದಳು. ‘ಸೆಟ್’ ಸರಿಯುತ್ತರ ಅಂತ ಅಂಕ ಕೊಡಲಿಲ್ಲ. ಯಾರು ಸರಿ? ಓಡೋದಕ್ಕೆ ಅಷ್ಟೊಂದು ಅರ್ಥ ಎಲ್ಲಿಂದ ಬಂತು?
— ಒಬ್ಬ ತಾಯಿ, ಶಿವಮೊಗ್ಗ

ಸಂಪಾದಕರ ಉತ್ತರ: ಆ ಅಂಕ ನಿಮ್ಮ ಮಗಳಿಗೇ ಸಿಗಬೇಕಿತ್ತು ಅಮ್ಮಾ. ಮೇಷ್ಟ್ರ ಕೈಲಿದ್ದದ್ದು ಹಳೇ ಕ್ವಿಜ್ ಪುಸ್ತಕ ಇರಬೇಕು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಮುಂದಿತ್ತು, ನಿಜ. ಆಮೇಲೆ ಆ 20 ಸಂಪುಟಗಳನ್ನು ಪದಪದವಾಗಿ ತಿದ್ದೋಕೆ ಶುರು ಮಾಡಿದರು. ಪೀಟರ್ ಗಿಲಿವರ್ ಅನ್ನೋ ಸಂಪಾದಕರು ‘ರನ್’ ಒಂದಕ್ಕೇ ಒಂಬತ್ತು ತಿಂಗಳು ಕೂತರು. ಬರೀ ಕ್ರಿಯಾಪದಕ್ಕೇ 645 ಅರ್ಥ ಸಿಕ್ಕವು. (ಒಂದು ಪದಕ್ಕೆ ನಾನು ಒಂಬತ್ತು ನಿಮಿಷ ತಗೊಂಡರೆ ನಮ್ಮ ಪ್ರೆಸ್‌ನವರು ಸುಮ್ನಿರಲ್ಲ!)

ಸಾವಿರ ವರ್ಷದ ಹಿಂದೆಯೇ ಇಂಗ್ಲಿಷಿನಲ್ಲಿ ಮನುಷ್ಯ ಓಡೋದಕ್ಕೂ ನೀರು ಹರಿಯೋದಕ್ಕೂ ಇದೇ ಪದ ಇತ್ತು. ಮೂಗು ಸೋರೋದು, ಬಟ್ಟೆ ಬಣ್ಣ ಬಿಡೋದು ಎಲ್ಲ ಆ ನೀರಿನ ಕಡೆಯ ನೆಂಟರು. ಪಟ್ಟಿ ಜಾಸ್ತಿ ಉದ್ದವಾದದ್ದು ಯಂತ್ರಗಳು ಬಂದ ಮೇಲೆ. ಗಿರಣಿ, ರೈಲು, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಮ್, ಎಲ್ಲಕ್ಕೂ ‘ರನ್’. ಇನ್ನೊಂದು ಮುಖ್ಯ ಕಾರಣ ವ್ಯಾಕರಣದಲ್ಲಿದೆ. ನಮಗೆ ಓಡು ಬೇರೆ, ಓಡಿಸು ಬೇರೆ. ಇಂಗ್ಲಿಷಿಗೆ ಆ ‘ಇಸು’ ಇಲ್ಲ. ಹಾಗಾಗಿ ಯಂತ್ರ ಓಡಿದರೂ ‘ರನ್’, ಓಡಿಸಿದರೂ ‘ರನ್’. ಅಂಗಡಿ ನಡೆಸೋದಕ್ಕೂ ಅದೇ. ಎಷ್ಟೋ ಅರ್ಥ ಅಲ್ಲೇ ಜೋಡಿಜೋಡಿಯಾದವು.

ಓಟವೇ ಇಲ್ಲದ ‘ರನ್’ಗಳಂತೂ ನನಗೆ ಬಲು ಇಷ್ಟ. ಕ್ರಿಕೆಟ್ಟಿನಲ್ಲಿ ಎರಡು ವಿಕೆಟ್ ನಡುವೆ ಓಡಿದ್ದಕ್ಕೆ ಆ ಹೆಸರು ಬಂತು. ಈಗ ಸಿಕ್ಸರ್ ಹೊಡೆದವನು ನಿಂತಲ್ಲೇ ನಿಂತು 6 ರನ್ ತಗೋತಾನೆ. ಬ್ಯಾಂಕ್ ಮುಳುಗುತ್ತೆ ಅನ್ನೋ ಭಯಕ್ಕೆ ಜನ ಒಟ್ಟಿಗೇ ಹಣ ತೆಗೆಯಲು ಮುಗಿಬಿದ್ದರೆ ಅದೂ ‘ರನ್’. 2007ರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನಲ್ಲಿ ಹಾಗಾಯಿತು. ಪಾಪ, ಖಾತೆದಾರರು ಓಡಲಿಲ್ಲ, ಬ್ಯಾಂಕಿನ ಮುಂದೆ ಗಂಟೆಗಟ್ಟಲೆ ಕ್ಯೂ ನಿಂತಿದ್ದರು.

ಚುನಾವಣೆಯದು ಇನ್ನೂ ತಮಾಷೆ. ಅಮೆರಿಕದವರು ಅಧ್ಯಕ್ಷ ಪದವಿಗೆ ‘ರನ್’ ಮಾಡ್ತಾರೆ. ಬ್ರಿಟಿಷರು ಪಾರ್ಲಿಮೆಂಟಿಗೆ ‘ಸ್ಟ್ಯಾಂಡ್’ ಮಾಡ್ತಾರೆ. ನಮ್ಮವರೂ ಚುನಾವಣೆಗೆ ನಿಲ್ಲೋರೇ, ಅಲ್ವಾ? ಓಡಾಟವೆಲ್ಲ ಟಿಕೆಟ್ ಸಿಗೋ ತನಕ.