ಕುಡಿದು ವಾಹನ ಓಡಿಸುವವರಿಗೆ ಶಿಕ್ಷೆಯೋ, ಚಿಕಿತ್ಸೆಯೋ?

ಪ್ರಶ್ನೆ: ನನ್ನ ಅಣ್ಣ ಕುಡಿದು ಕಾರು ಓಡಿಸಿ ಎರಡನೇ ಬಾರಿ ಸಿಕ್ಕಿಬಿದ್ದಿದ್ದಾರೆ. ಮೊದಲ ಸಲ ದಂಡ ಕಟ್ಟಿದ ಮೇಲೂ ಕುಡಿತ ನಿಲ್ಲಲಿಲ್ಲ. ಇಂಥವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸುವ ಪದ್ಧತಿ ಕೆಲವು ದೇಶಗಳಲ್ಲಿದೆಯಂತೆ. ಅದು ತಪ್ಪಿತಸ್ಥರಿಗೆ ಕೊಡುವ ವಿನಾಯಿತಿಯಲ್ಲವೇ?

ಮನೋವೈದ್ಯರ ಉತ್ತರ: ಸರಿಯಾಗಿ ನಡೆಸಿದರೆ ಅದು ವಿನಾಯಿತಿಯಲ್ಲ, ದಂಡ ಕಟ್ಟಿ ಕೈತೊಳೆದುಕೊಳ್ಳುವುದಕ್ಕಿಂತ ಕಷ್ಟದ ದಾರಿ. ಕೆನಡಾದ ದಂಡ ಸಂಹಿತೆಯಲ್ಲಿ 2018ರಿಂದ ಇರುವ ನಿಯಮದಂತೆ, ಅಪರಾಧ ಸಾಬೀತಾದ ಮೇಲೆ ಸರ್ಕಾರಿ ವಕೀಲರೂ ಅಪರಾಧಿಯೂ ಒಪ್ಪಿದರೆ, ನ್ಯಾಯಾಲಯವು ಶಿಕ್ಷೆಯನ್ನು ಮುಂದೂಡಿ, ಪ್ರಾಂತ್ಯ ಸರ್ಕಾರ ಅನುಮೋದಿಸಿದ ಚಿಕಿತ್ಸೆ ಪಡೆಯಲು ಅವಕಾಶ ಕೊಡಬಹುದು. ಆ ಅವಧಿಯಲ್ಲಿ ಆತ ವಾಹನ ಓಡಿಸುವಂತಿಲ್ಲ. ಚಿಕಿತ್ಸೆ ಯಶಸ್ವಿಯಾಗಿ ಮುಗಿದರೆ ಕನಿಷ್ಠ ಶಿಕ್ಷೆ ವಿಧಿಸಲೇಬೇಕೆಂಬ ಕಡ್ಡಾಯ ಇರುವುದಿಲ್ಲ, ಅಷ್ಟೇ, ಅಪರಾಧವೇನೂ ಅಳಿಸಿಹೋಗುವುದಿಲ್ಲ.

ಹಾಗೆಂದು ಸಿಕ್ಕಿಬಿದ್ದವರೆಲ್ಲ ವ್ಯಸನಿಗಳಲ್ಲ. ಎಂದೋ ಒಮ್ಮೆ ಮಿತಿಮೀರಿ ಕುಡಿದವರಿಗೆ ದಂಡ ಮತ್ತು ಲೈಸೆನ್ಸ್ ಅಮಾನತೇ ಸಾಕಾಗಬಹುದು. ರಕ್ತದಲ್ಲಿ ಮದ್ಯದ ಪ್ರಮಾಣ ಬಹಳ ಹೆಚ್ಚಿದ್ದರೂ ಮಾತು ತೊದಲದೆ, ಹೆಜ್ಜೆ ತಪ್ಪದೆ ನಿಂತವರನ್ನು ಕಂಡು ಮನೆಯವರು ‘ಅಷ್ಟೇನೂ ಕುಡಿದಿಲ್ಲ’ ಎಂದುಕೊಳ್ಳುತ್ತಾರೆ. ವೈದ್ಯರಿಗೆ ಹೆಚ್ಚು ಆತಂಕ ಹುಟ್ಟಿಸುವವರು ಅವರೇ, ಏಕೆಂದರೆ ದೇಹ ಮದ್ಯಕ್ಕೆ ಅಷ್ಟರಮಟ್ಟಿಗೆ ಒಗ್ಗಿಹೋಗಿದೆ ಎಂಬುದಕ್ಕೆ ಅದೇ ಸೂಚನೆ. ಬೆಳಗ್ಗೆ ಕೈ ನಡುಗುವುದು, ನಡುಕ ನಿಲ್ಲಿಸಲು ಮತ್ತೆ ಕುಡಿಯುವುದು ಇದ್ದರೆ ಅನುಮಾನವೇ ಬೇಡ. ಇಂಥವರನ್ನು ವೈದ್ಯಕೀಯ ನಿಗಾ ಇಲ್ಲದೆ ಲಾಕಪ್ಪಿನಲ್ಲಿಟ್ಟರೆ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೇ ಅಪಾಯವಾಗಬಹುದು.

ಮದ್ಯ ಬಿಡಿಸುವ ಮೊದಲ ವಾರ ಚಿಕಿತ್ಸೆಯ ಆರಂಭ ಮಾತ್ರ. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧ ಮತ್ತು ಆಪ್ತಸಮಾಲೋಚನೆ ತಿಂಗಳುಗಟ್ಟಲೆ ಸಾಗಬೇಕು. ನಡುವೆ ಮತ್ತೆ ಕುಡಿದದ್ದನ್ನು ನಾನು ಚಿಕಿತ್ಸೆಯ ಸೋಲೆಂದು ಎಣಿಸುವುದಿಲ್ಲ. ಕುಡಿದು ಸ್ಟೀರಿಂಗ್ ಹಿಡಿದರೆ ಮಾತ್ರ ಕ್ಷಮೆ ಇರಬಾರದು. ಅಮೆರಿಕದ ಸೌತ್ ಡಕೋಟಾ ಇನ್ನೂ ಬಿಗಿ: 2005ರಲ್ಲಿ ಅಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ದಿನಕ್ಕೆ ಎರಡು ಬಾರಿ ಉಸಿರಿನ ಪರೀಕ್ಷೆ ನಡೆಯುತ್ತದೆ, ಮದ್ಯ ಪತ್ತೆಯಾದರೆ ಕೂಡಲೇ ಒಂದೆರಡು ದಿನ ಬಂಧನದಲ್ಲಿಡುತ್ತಾರೆ. ವರ್ಷ ಕಳೆದು ಬರುವ ದೊಡ್ಡ ಶಿಕ್ಷೆಗಿಂತ ಈ ಪುಟ್ಟ ಶಿಕ್ಷೆಗೆ ವ್ಯಸನಿ ಹೆಚ್ಚು ಅಂಜುತ್ತಾನೆ.

ನಿಮ್ಮ ಅಣ್ಣನನ್ನು ವಿಚಾರಣೆಗೆ ಮುನ್ನವೇ ಮನೋವೈದ್ಯರಲ್ಲಿ ತಪಾಸಣೆ ಮಾಡಿಸಿ, ವರದಿಯನ್ನು ವಕೀಲರಿಗೆ ಕೊಡಿ. ಶಿಕ್ಷೆಯ ಭಯದಿಂದ ಅವರು ಮನೆಯಲ್ಲೇ ಏಕಾಏಕಿ ಕುಡಿತ ನಿಲ್ಲಿಸಲು ಹೊರಟರೆ, ವೈದ್ಯರಿಗೆ ತೋರಿಸದೆ ಅದಕ್ಕೆ ಬಿಡಬೇಡಿ.