ಕ್ಯಾಂಪರ್ ವ್ಯಾನಿನಲ್ಲಿ ಸಿಪ್ಯಾಪ್: ಬ್ಯಾಟರಿ ಸಾಕಾದೀತೇ?

ನಮಸ್ಕಾರ. ಪುಣೆಯಿಂದ ಕ್ಯಾಂಪರ್ ವ್ಯಾನಿನಲ್ಲಿ ಹೊರಟು ಗೋವೆಯ ಕಾಣಕೋಣದಲ್ಲಿ ಮೂರು ರಾತ್ರಿ ತಂಗಲಿರುವ ನೀವು, 12 ವೋಲ್ಟ್‌ನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ನಿದ್ರೆಯಲ್ಲಿ ಉಸಿರು ಕಟ್ಟದಂತೆ ಮುಖವಾಡದ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರಕ್ಕೆ ಸಾಕಾದೀತೇ ಎಂದು ಕೇಳಿದ್ದೀರಿ. ಸಾಕಾಗುತ್ತದೆ, ಫ್ರಿಜ್ಜನ್ನು ಅದಕ್ಕೇ ಜೋಡಿಸದಿದ್ದರೆ. ಗಾಳಿ ಊದುವ ಮೋಟಾರಿಗಿಂತ ಗಾಳಿಗೆ ತೇವ ಕೂಡಿಸಲು ನೀರು ಕಾಯಿಸುವ ಹ್ಯುಮಿಡಿಫೈಯರ್ ಮತ್ತು ಬಿಸಿ ಕೊಳವೆಗಳೇ ಹೆಚ್ಚು ವಿದ್ಯುತ್ತನ್ನು ಕಬಳಿಸುವುದರಿಂದ, ಅವೆರಡನ್ನೂ ನಿಲ್ಲಿಸಿ ಸರಾಸರಿ 30 ವಾಟ್ ಎಂದು ಹಿಡಿದರೆ, ಎಂಟು ಗಂಟೆಯ ನಿದ್ರೆಗೆ 240 ವಾಟ್-ಅವರ್ ಖರ್ಚಾಗುತ್ತದೆ. ಮೂರು ರಾತ್ರಿಗೆ 720 ಆಯಿತು; ಬ್ಯಾಟರಿಯಲ್ಲಿರುವುದು ಸುಮಾರು 1,200 ವಾಟ್-ಅವರ್. ಕರಾವಳಿಯ ತೇವದ ಗಾಳಿಯಲ್ಲಿ ಹ್ಯುಮಿಡಿಫೈಯರ್ ಇಲ್ಲದೆಯೂ ನನ್ನ ಗಂಟಲಂತೂ ಒಣಗಲಿಲ್ಲ. ಪುಣೆಯ ಒಣ ಡಿಸೆಂಬರ್ ರಾತ್ರಿಗಳ ಮಾತು ಬೇರೆ. ಇನ್ವರ್ಟರ್ ಬಳಸಿದರೆ ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಮನೆಯಲ್ಲಿರುವಂಥ ಎಸಿ ಮಾಡಿ ಮತ್ತೆ ಡಿಸಿಗೆ ಇಳಿಸುವುದರಲ್ಲಿ ವಿದ್ಯುತ್ ವ್ಯರ್ಥವಾಗುತ್ತದೆ. ಅನೇಕ ಯಂತ್ರಗಳು 24 ವೋಲ್ಟ್ ಬೇಡುವುದರಿಂದ, ಬ್ಯಾಟರಿಯ ವೋಲ್ಟೇಜನ್ನು ಯಂತ್ರಕ್ಕೆ ಹೊಂದಿಸುವ, ನಿಮ್ಮ ಮಾದರಿಗೆಂದೇ ತಯಾರಾದ ಡಿಸಿ ಅಡಾಪ್ಟರನ್ನೇ ಕೊಂಡು, ಹೊರಡುವ ಮುನ್ನ ಮನೆಯಂಗಳದಲ್ಲಿ ಒಂದು ರಾತ್ರಿ ಪರೀಕ್ಷಿಸಿರಿ.