ಪೀಟ್ ಇಂಕವೀಲ್ಯಾ 48 ಹೋಮ್ ರನ್: ನಿಮ್ಮ ಪಟ್ಟಿ ಸರಿಯಿದೆ

ಅಮೆರಿಕದ ಬೇಸ್‌ಬಾಲ್ ಆಟಗಾರ ಪೀಟ್ ಇಂಕವೀಲ್ಯಾ ಕಾಲೇಜಿನಲ್ಲಿ ಒಂದೇ ಸೀಸನ್‌ಗೆ 48 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಹಾರಿಸುವ ಹೊಡೆತ) ಹೊಡೆದು, ಮರುವರ್ಷ ವೃತ್ತಿಪರ ಆಟದಲ್ಲಿ ಅಷ್ಟು ಹೊಡೆಯದಿದ್ದದ್ದು ಯಾಕೆ, ಪಟ್ಟಿಯ ಅಂಕಿ ತಪ್ಪೇ ಅಂತ ಕೇಳಿದ್ದೀರಿ. ಒಂದು ದೊಡ್ಡ ಕಾರಣ ಬ್ಯಾಟ್, ನೀವು ಅಂಕಿ ತಪ್ಪಾಗಿ ಬರೆದುಕೊಂಡಿಲ್ಲ. 1985ರಲ್ಲಿ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪರ 75 ಪಂದ್ಯಗಳಲ್ಲಿ 48 ಬಂದಿದ್ದು ಅಲ್ಯೂಮಿನಿಯಂ ಬ್ಯಾಟಿನಲ್ಲಿ, ಮರುವರ್ಷ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್) ತಂಡ ಟೆಕ್ಸಾಸ್ ರೇಂಜರ್ಸ್‌ನಲ್ಲಿ 153 ಪಂದ್ಯಕ್ಕೆ ಬರೀ 30 ಬಂದಿದ್ದು ಮರದ ಬ್ಯಾಟಿನಲ್ಲಿ. ಚೆಂಡು ತಾಗಿದಾಗ ಟೊಳ್ಳು ಅಲ್ಯೂಮಿನಿಯಂ ಚೂರು ಒಳಗೆ ಬಗ್ಗಿ ಅದನ್ನು ವಾಪಸ್ ಚಿಮ್ಮಿಸುತ್ತದೆ, ಗಟ್ಟಿ ಮರದಲ್ಲಿ ಆ ಚಿಮ್ಮು ಇಲ್ಲ.

ಮೊದಲು ಕಾಲೇಜು, ಮೇಜರ್ ಲೀಗ್ ಎರಡನ್ನೂ ಬೇರೆ ಕಾಲಂಗೆ ಹಾಕಿ. ಆಮೇಲೆ ಇಂಕವೀಲ್ಯಾನನ್ನು ಅವನ ಕಾಲದ ಕಾಲೇಜು ಆಟಗಾರರ ಜೊತೆ ಮಾತ್ರ ಹೋಲಿಸಿ. 2011ರಲ್ಲಿ ಕಾಲೇಜು ಬ್ಯಾಟಿನ ನಿಯಮ ಬಿಗಿಯಾಯಿತು, ಅಲ್ಲೊಂದು ಗೆರೆ ಎಳೆಯಿರಿ. ಸ್ಟ್ರೈಕ್‌ಔಟ್‌ಗೂ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು) ಒಂದು ಕಾಲಂ ಬೇಕು: 1986ರಲ್ಲಿ ರೇಂಜರ್ಸ್ ಪರ ಅವನದು 185! ಅಂದರೆ ಅಲ್ಲಿನ ಪಿಚರ್‌ಗಳೂ (ಚೆಂಡು ಎಸೆಯುವವರು) ಎಷ್ಟೋ ಮೇಲಿನವರು, ಅಲ್ವಾ? ಇದರಲ್ಲಿ ಬ್ಯಾಟಿನ ಪಾಲೆಷ್ಟು, ಪಿಚರ್ ಪಾಲೆಷ್ಟು ಅಂತ ಖಚಿತವಾಗಿ ಬಿಡಿಸಲು ಆಗಲ್ಲ, ಸುಮ್ನೆ ಒಂದು ಶೇಕಡಾ ಹಾಕಬೇಡಿ.